ಹಿತ್ತಿಲ ಕೋಳಿಗಳು ಒಂದನ್ನೊಂದು ಕುಕ್ಕಿ ಮಾಡುವ ಗಾಯಗಳೂ ಅವುಗಳ ಉಪಚಾರವೂ

ನಮ್ಮ ಗ್ರಾಮಗಳ ಅನೇಕ ಒಕ್ಕಲು ಮನೆಗಳಲ್ಲಿ ಹಿತ್ತಿಲ ಕೋಳಿಗಳ ಪೋಷಣೆಯು ಹೆಂಗಸರ ಪಾಲಿಗೆ ಸೇರಿದ ಕೆಲಸವಾಗಿರುತ್ತದೆ. ಮೊಟ್ಟೆಗಳನ್ನು ಮಾರಿ ಬಂದ ಹಣವೂ ಸಾಧಾರಣವಾಗಿ ಅವರ ಕೈಯಲ್ಲಿಯೇ ಉಳಿದು, ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮೊದಲಾದ ಸಣ್ಣ ವೆಚ್ಚಗಳಿಗೆ ಒದಗುತ್ತದೆ. ಸಾವಿರಾರು ಕೋಳಿಗಳನ್ನು ಸಾಕುವವರಿಗೆ ಒಂದು ಕೋಳಿಯ ನಷ್ಟವು ಲೆಕ್ಕಕ್ಕೆ ಬಾರದೆ ಹೋಗಬಹುದು. ಎಂಟು ಹತ್ತು ಕೋಳಿಗಳಿರುವ ಮನೆಯಲ್ಲಿ ಮೊಟ್ಟೆಯಿಡುವ ಒಂದು ಹೇಂಟೆಯು ಸತ್ತರೆ ಬಂಡವಾಳದ ಹತ್ತನೆಯ ಒಂದು ಪಾಲೇ ಹೋದಂತಾಗುತ್ತದೆ.

ನರಿ, ಮುಂಗುಸಿ, ಹದ್ದುಗಳಿಂದ ಕೋಳಿಗಳನ್ನು ಕಾಪಾಡಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಒಂದೇ ಗೂಡಿನಲ್ಲಿರುವ ಕೋಳಿಗಳೇ ತಮ್ಮೊಳಗೊಂದನ್ನು ಕುಕ್ಕಿ ಕುಕ್ಕಿ ಕೊಂದುಹಾಕುವುದುಂಟೆಂಬುದನ್ನು ಅನೇಕರು ಅನುಭವಕ್ಕೆ ಬರುವವರೆಗೆ ನಂಬುವುದಿಲ್ಲ. ಬೆಳಿಗ್ಗೆ ಬೆನ್ನಿನ ಮೇಲೆ ಕಡಲೆಕಾಳಿನಷ್ಟು ರಕ್ತದ ಗುರುತು ಕಂಡ ಹೇಂಟೆಯನ್ನು, ಸಣ್ಣ ಗಾಯವೆಂದೂ ತಾನಾಗಿ ಮಾಯುವುದೆಂದೂ ತಿಳಿದು ಗುಂಪಿನಲ್ಲಿಯೇ ಬಿಟ್ಟರೆ, ಸಾಯಂಕಾಲಕ್ಕೆ ಅಂಗೈಯಗಲದ ತೊಗಲು ಕಿತ್ತುಹೋಗಿರಬಹುದು. ಕೋಳಿಯನ್ನು ಕೊಲ್ಲುವುದು ಬಹುಮಟ್ಟಿಗೆ ಮೊದಲಿನ ಗಾಯವಲ್ಲ. ಆ ಗಾಯದ ಕೆಂಪನ್ನು ಕಂಡು ಅದರ ಮೇಲೆಯೇ ಬೀಳುವ ಎರಡನೆಯ, ಮೂರನೆಯ ಕುಕ್ಕುಗಳು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಉಪಚಾರಗಳೆಲ್ಲವೂ ಸುಲಭವಾಗಿ ತಿಳಿಯುವುವು.

ಕುಕ್ಕುವ ಸ್ವಭಾವ

ಕೋಳಿಗಳ ಗುಂಪಿನಲ್ಲಿ ಹಿರಿಕಿರಿತನದ ಒಂದು ಏರ್ಪಾಡು ಇರುತ್ತದೆ. ನಾರ್ವೆ ದೇಶದ ಥಾರ್ಲೀಫ್ ಷೆಲ್ಡರುಪ್‌-ಎಬ್ಬೆ ಎಂಬ ವಿದ್ವಾಂಸರು ಈ ವಿಷಯವನ್ನು ಬಹುಕಾಲ ಪರೀಕ್ಷಿಸಿ, ೧೯೨೨ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಮೊದಲನೆಯ ಕೋಳಿಯು ಉಳಿದ ಎಲ್ಲವನ್ನೂ ಕುಕ್ಕಬಹುದು. ಎರಡನೆಯದು ಮೊದಲನೆಯದನ್ನು ಬಿಟ್ಟು ಮಿಕ್ಕವನ್ನು ಕುಕ್ಕಬಹುದು. ಕೊನೆಯದು ಎಲ್ಲದರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಈ ಏರ್ಪಾಡು ಒಮ್ಮೆ ನಿಂತ ಬಳಿಕ, ಕೊಕ್ಕೆತ್ತಿದ ಮಾತ್ರಕ್ಕೆ ಕಿರಿಯದು ಸರಿದುಹೋಗುವುದರಿಂದ ಗಾಯಕ್ಕೆ ಅವಕಾಶವೇ ಇರುವುದಿಲ್ಲ. ಹೊಸ ಕೋಳಿಯನ್ನು ತಂದು ಸೇರಿಸಿದಾಗಲೂ, ಸರಿದುಹೋಗಲು ಸ್ಥಳವಿಲ್ಲದಾಗಲೂ ಜಗಳವು ಮಿತಿಮೀರುತ್ತದೆ.

ಇದಲ್ಲದೆ ಗರಿ ಕೀಳುವ ಚಾಳಿಯೊಂದು ಬೇರೆಯೇ ಇದೆ. ಇದರಲ್ಲಿ ಹಗೆಯಿಲ್ಲ. ನೆಲವನ್ನು ಕೆದಕಿ ಹುಳುಹುಪ್ಪಟೆಗಳನ್ನು ಹುಡುಕುವ ಕೊಕ್ಕಿಗೆ ಕೆಲಸವಿಲ್ಲದಿದ್ದರೆ ಅದು ಪಕ್ಕದ ಕೋಳಿಯ ಗರಿಯ ಮೇಲೆ ತಿರುಗುತ್ತದೆ. ಕೋಳಿಯ ಕಣ್ಣು ಬಣ್ಣಗಳನ್ನು ಚೆನ್ನಾಗಿ ಗುರುತಿಸಬಲ್ಲುದು. ರಕ್ತದ ಕೆಂಪು ಅದನ್ನು ಬಲವಾಗಿ ಸೆಳೆಯುತ್ತದೆ. ಒಂದು ಕಲಿತ ಚಾಳಿಯನ್ನು ಮಿಕ್ಕವು ನೋಡಿ ಕಲಿಯುತ್ತವೆ.

ಗಾಯವನ್ನು ಗುರುತಿಸುವುದು

ಪ್ರತಿದಿನವೂ ಕಾಳು ಹಾಕುವ ಹೊತ್ತಿನಲ್ಲಿ ಕೋಳಿಗಳನ್ನು ಎಣಿಸಿ, ಒಂದೊಂದನ್ನೂ ಒಂದು ಕ್ಷಣ ನೋಡುವ ಪದ್ಧತಿಯನ್ನಿಟ್ಟುಕೊಳ್ಳುವುದು ಒಳ್ಳೆಯದು. ಮೇವಿಗೆ ಬಾರದೆ ದೂರ ನಿಂತದ್ದನ್ನೂ, ಮೂಲೆಯಲ್ಲಿ ತಲೆ ತೂರಿಸಿಕೊಂಡಿರುವುದನ್ನೂ ಹಿಡಿದು ಪರೀಕ್ಷಿಸತಕ್ಕದ್ದು. ಕುಕ್ಕಿದ ಗಾಯಗಳು ಸಾಮಾನ್ಯವಾಗಿ ತಲೆಯ ಜುಟ್ಟು, ಕತ್ತಿನ ಹಿಂಭಾಗ, ಬೆನ್ನು, ಬಾಲದ ಬುಡ, ಮಲದ್ವಾರದ ಸುತ್ತ, ಮರಿಗಳಲ್ಲಿ ಕಾಲ್ಬೆರಳು, ಈ ಸ್ಥಳಗಳಲ್ಲಿ ಕಾಣಿಸುವುವು.

ಕುಕ್ಕಿನ ಗಾಯವೆಂದು ತಪ್ಪಾಗಿ ತಿಳಿಯಬಹುದಾದ ಮೂರು ಸಂಗತಿಗಳನ್ನು ಇಲ್ಲಿ ಹೇಳಬೇಕು. ಒಂದನೆಯದು, ಹುಂಜವು ಹೇಂಟೆಯನ್ನು ಮೆಟ್ಟುವಾಗ ಅದರ ಉಗುರುಗಳಿಂದ ಬೆನ್ನಿನ ಎರಡು ಪಕ್ಕಗಳಲ್ಲಿ ಆಗುವ ಗೀರುಗಳು. ಎರಡು ಮೂರು ಹೇಂಟೆಗಳಿಗೆ ಒಂದು ಹುಂಜವಿದ್ದರೆ ಇದು ಹೆಚ್ಚು; ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಎರಡನೆಯದು, ಕೋಳಿ ಸಿಡುಬು. ಜುಟ್ಟು, ಜೋಲುತೊಗಲು, ಕಣ್ಣುರೆಪ್ಪೆಗಳ ಮೇಲೆ ಗಂಟುಗಂಟಾಗಿ ಎದ್ದು ಕಪ್ಪು ಹಕ್ಕಳೆಗಟ್ಟಿದರೆ, ಮತ್ತು ಹಲವು ಕೋಳಿಗಳಲ್ಲಿ ಒಟ್ಟಿಗೆ ಕಂಡರೆ, ಅದು ಗಾಯವಲ್ಲ, ರೋಗ. ಈ ರೋಗದ ವಿಷಾಣುವು ಸೊಳ್ಳೆಯ ಕಡಿತದಿಂದಲೂ ತೊಗಲಿನ ಸಣ್ಣ ಗಾಯಗಳಿಂದಲೂ ಒಳಹೋಗುವುದರಿಂದ, ಕುಕ್ಕಿದ ಗಾಯವನ್ನು ಅಲಕ್ಷ್ಯಮಾಡದಿರಲು ಇದೂ ಒಂದು ಕಾರಣವಾಗಿದೆ. ಮೂರನೆಯದು, ಬೆಕ್ಕು, ನಾಯಿ, ಮುಂಗುಸಿಗಳ ಕಡಿತ. ಇದು ಹೊರಗೆ ಸೂಜಿಯ ತೂತಿನಂತೆ ಕಂಡರೂ ಒಳಗೆ ಆಳವಾಗಿದ್ದು ಬೇಗನೆ ಕೆಡುವುದರಿಂದ, ಅಂಥ ಕೋಳಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಮೊದಲನೆಯ ಕೆಲಸ: ಬೇರ್ಪಡಿಸುವುದು

ರಕ್ತ ಕಂಡ ಕೂಡಲೆ ಮಾಡಬೇಕಾದ ಕೆಲಸವು ಔಷಧವನ್ನು ಹುಡುಕುವುದಲ್ಲ. ಆ ಕೋಳಿಯನ್ನು ಗುಂಪಿನಿಂದ ತೆಗೆಯುವುದು. ದೊಡ್ಡ ಮಂಕರಿಯಾಗಲಿ ಹಳೆಯ ಪೆಟ್ಟಿಗೆಯಾಗಲಿ ಸಾಕು. ಅದರಲ್ಲಿ ಶುಭ್ರವಾದ ಒಣ ಬಟ್ಟೆಯನ್ನು ಹಾಸಿ, ನೆರಳಾದ, ಗಾಳಿಯಾಡುವ ಸ್ಥಳದಲ್ಲಿ ಇಡಬೇಕು. ಸಣ್ಣ ಗಾಯವಾದರೆ ಆ ಮಂಕರಿಯನ್ನು ಇತರ ಕೋಳಿಗಳ ಕಣ್ಣಿಗೆ ಕಾಣುವಂತೆ, ಆದರೆ ಕೊಕ್ಕಿಗೆ ಎಟುಕದಂತೆ ಇಡುವುದು ಉತ್ತಮ. ಬಹುದಿನ ಕಣ್ಮರೆಯಾಗಿದ್ದ ಕೋಳಿಯನ್ನು ಗುಂಪು ಹೊಸಬನಂತೆ ಕಂಡು ಮತ್ತೆ ಕುಕ್ಕುತ್ತದೆ.

ಕೋಳಿಯನ್ನು ಹಿಡಿಯುವ ಕ್ರಮವೂ ಮುಖ್ಯವಾದುದು. ಬೆನ್ನಟ್ಟಿ ಓಡಿಸಿದರೆ ನಿಂತ ರಕ್ತವು ಮತ್ತೆ ಹರಿಯುತ್ತದೆ. ರಕ್ತವು ನಿಂತಿದ್ದು, ಕೋಳಿಯು ಮಿಕ್ಕವುಗಳಿಂದ ಬೇರೆಯಾಗಿದ್ದರೆ, ಮುಂದಿನ ಉಪಚಾರವನ್ನು ಮಸುಕು ಬೆಳಕಿನಲ್ಲಿ ಮಾಡುವುದು ಸುಲಭ. ಕತ್ತಲಾದರೆ ಕೋಳಿಯು ತಾನಾಗಿ ಸುಮ್ಮನಾಗುತ್ತದೆ. ರೆಕ್ಕೆಗಳನ್ನು ಮೈಗೆ ಸೇರಿಸಿ, ಹಳೆಯ ಟವಲಿನಲ್ಲಿ ಸಡಿಲವಾಗಿ ಸುತ್ತಿ, ತಲೆ ಹೊರಗಿರುವಂತೆ ತೊಡೆಯ ಮೇಲಿಟ್ಟುಕೊಳ್ಳಬೇಕು. ಎದೆಯನ್ನು ಬಿಗಿಯಾಗಿ ಅದುಮಕೂಡದು. ಮನುಷ್ಯರಿಗೆ ಉಸಿರಾಟದಲ್ಲಿ ನೆರವಾಗುವ ವಪೆಯು ಕೋಳಿಗೆ ಇಲ್ಲ. ಎದೆಯ ಮೂಳೆಯನ್ನು ಏರಿಳಿಸಿಯೇ ಅದು ಉಸಿರಾಡಬೇಕು. ಎದೆಯನ್ನು ಹಿಚುಕಿ ಹಿಡಿದರೆ ಗಾಯಕ್ಕೆ ಬದಲು ಉಸಿರುಕಟ್ಟಿ ಸಾಯುವುದುಂಟು.

ರಕ್ತವನ್ನು ನಿಲ್ಲಿಸುವುದು

ಕೋಳಿಯ ದೇಹದಲ್ಲಿರುವ ರಕ್ತವು ಅದರ ತೂಕದಲ್ಲಿ ನೂರಕ್ಕೆ ಸುಮಾರು ಆರೇಳು ಭಾಗ ಮಾತ್ರ. ಒಂದೂವರೆ ಕಿಲೋಗ್ರಾಂ ತೂಗುವ ಹೇಂಟೆಯಲ್ಲಿ ಇದು ಒಂದು ಸಣ್ಣ ಲೋಟದಷ್ಟಾದೀತು. ಆದಕಾರಣ ನಮಗೆ ಅಲ್ಪವೆಂದು ತೋರುವ ರಕ್ತಸ್ರಾವವು ಅದಕ್ಕೆ ಅಲ್ಪವಲ್ಲ. ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಎತ್ತಿ ಎತ್ತಿ ನೋಡದೆ, ಐದು ನಿಮಿಷಗಳ ಕಾಲ ಬೆರಳಿನಿಂದ ಒತ್ತಿ ಹಿಡಿಯತಕ್ಕದ್ದು. ಜುಟ್ಟಿನ ಗಾಯದಿಂದ ರಕ್ತವು ಹೆಚ್ಚಾಗಿ ಹರಿದು ಗಾಬರಿಪಡಿಸಿದರೂ, ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುವುದು. ಮತ್ತೆ ಒಸರುತ್ತಿದ್ದರೆ ಒಂದು ಚಿಟಿಕೆ ಜೋಳದ ಹಿಟ್ಟನ್ನು ಉದುರಿಸಿ ಪುನಃ ಒತ್ತಬಹುದು. ಇದು ಜುಟ್ಟು, ಉಗುರು ಮೊದಲಾದ ಮೇಲುಮೇಲಿನ ಗಾಯಗಳಿಗೆ ಮಾತ್ರ. ಆಳವಾದ ಗಾಯದೊಳಗೆ ಹಿಟ್ಟನ್ನಾಗಲಿ ಪುಡಿಯನ್ನಾಗಲಿ ತುಂಬಬಾರದು.

ಹೊಸದಾಗಿ ಮೊಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತವು ತುಂಬಿರುತ್ತದೆ. ಅಂಥ ಗರಿಯನ್ನು ಮಿಕ್ಕ ಕೋಳಿಗಳು ಕಚ್ಚಿ ಮುರಿದರೆ ರಕ್ತವು ತೊಟ್ಟಿಕ್ಕುತ್ತಲೇ ಇರುವುದು. ಆಗಲೂ ಇದೇ ರೀತಿ ಒತ್ತಿ ಹಿಡಿಯಬೇಕು. ಹತ್ತು ಹದಿನೈದು ನಿಮಿಷಗಳಾದರೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ವೈದ್ಯರಲ್ಲಿಗೆ ಒಯ್ಯುವುದು ಕ್ಷೇಮ.

ತೊಳೆಯುವ ಕ್ರಮ

ರಕ್ತವು ನಿಂತ ಮೇಲೆ ಗಾಯವನ್ನು ತೊಳೆಯಬೇಕು. ಅದಕ್ಕೆ ಮೊದಲು ನಮ್ಮ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಕುದಿಸಿ ಉಗುರುಬೆಚ್ಚಗಾಗುವಷ್ಟು ಆರಿಸಿದ ಅರ್ಧ ಲೀಟರು ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪನ್ನು ಕರಗಿಸಿದರೆ ತೊಳೆಯಲು ಬೇಕಾದ ದ್ರಾವಣವು ಸಿದ್ಧವಾಗುವುದು. ಇದನ್ನು ಸೂಜಿಯಿಲ್ಲದ ಸಿರಿಂಜಿನಿಂದಲೋ ಸಣ್ಣ ಲೋಟದಿಂದಲೋ ಧಾರೆಯಾಗಿ ಬಿಟ್ಟು, ಮಣ್ಣು, ಹಿಕ್ಕೆ, ಗರಿಯ ಚೂರುಗಳು ಹೋಗುವವರೆಗೆ ತೊಳೆಯತಕ್ಕದ್ದು. ಗಾಯದೊಳಕ್ಕೆ ಅಂಟಿಕೊಳ್ಳುವ ಗರಿಗಳನ್ನು ಕತ್ತರಿಯಿಂದ ಮೊಟಕು ಮಾಡಬಹುದು, ಕೀಳಬಾರದು. ರಕ್ತ ತುಂಬಿದ ಎಳೆಯ ಗರಿಗಳಿಗೆ ಕತ್ತರಿ ತಾಗಿಸಬಾರದು.

ಅನಂತರ ಪಾವಿಡೋನ್ ಅಯೊಡಿನ್ ದ್ರಾವಣವನ್ನು ಉಪಯೋಗಿಸಬಹುದು. ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ನೂರಕ್ಕೆ ಹತ್ತು ಅಥವಾ ಐದು ಭಾಗದ ತೀಕ್ಷ್ಣತೆಯದು. ನೂರಕ್ಕೆ ಹತ್ತರದಾದರೆ ಅರ್ಧ ಲೀಟರು ಶುದ್ಧವಾದ ನೀರಿಗೆ ಒಂದು ಟೀ ಚಮಚವನ್ನು, ಐದರದಾದರೆ ಎರಡು ಚಮಚಗಳನ್ನು ಬೆರಸಬೇಕು. ನೀರು ತೆಳುವಾದ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದರೆ ಸರಿಯಾದ ಹದವೆಂದು ತಿಳಿಯಬಹುದು. ತೀಕ್ಷ್ಣವಾದ ಔಷಧವು ಕ್ರಿಮಿಗಳೊಂದಿಗೆ ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುವುದರಿಂದ, ಹೆಚ್ಚು ಹಾಕಿದರೆ ಬೇಗ ವಾಸಿಯಾಗುವುದೆಂಬ ಭಾವನೆಯು ಸರಿಯಲ್ಲ. ತೊಳೆದ ಬಳಿಕ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು, ಉಜ್ಜಕೂಡದು. ದಿನಕ್ಕೆ ಎರಡಾವರ್ತಿ ನೋಡಿ, ಕೊಳೆಯಾಗಿದ್ದರೆ ಪುನಃ ತೊಳೆಯಬೇಕು.

ಹಾಕಬಾರದ ವಸ್ತುಗಳು

ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು, ಫಿನಾಯಿಲು, ದನಗಳ ಹುಣ್ಣಿಗೆ ಬಿಡುವ ಟರ್ಪೆಂಟೈನು, ಇವು ಯಾವುವನ್ನೂ ಕೋಳಿಯ ಗಾಯಕ್ಕೆ ಹಾಕಕೂಡದು. ಕೋಳಿಯ ತೊಗಲು ತೆಳುವಾದುದು. ಮೇಲಾಗಿ ಅದು ಕೊಕ್ಕಿನಿಂದ ಮೈ ತೀಡಿಕೊಳ್ಳುವಾಗ ಹಚ್ಚಿದ್ದೆಲ್ಲವೂ ಹೊಟ್ಟೆಗೆ ಸೇರುತ್ತದೆ. ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಮೆತ್ತುವುದು ನಮ್ಮಲ್ಲಿ ರೂಢಿ. ತೊಳೆಯದ ಗಾಯದ ಮೇಲೆ ಹೀಗೆ ಮೆತ್ತಿದರೆ ಕೊಳೆಯು ಒಳಗೇ ಉಳಿದು, ಎಣ್ಣೆಯು ಸುತ್ತಲಿನ ಗರಿಗಳಿಗೆ ಹರಡಿ ಧೂಳನ್ನು ಹಿಡಿಯುತ್ತದೆ. ಮನುಷ್ಯರಿಗಾಗಿ ಮಾಡಿದ ಮುಲಾಮುಗಳಲ್ಲಿ ನೋವು ಮರಗಟ್ಟಿಸುವ ಔಷಧ ಬೆರೆತವುಗಳು ಪಕ್ಷಿಗಳಿಗೆ ಅಪಾಯಕರವಾಗಬಹುದು. ಗಾಯದ ಕೆಂಪನ್ನು ಮರೆಮಾಡಲು ಜೆನ್ಷನ್ ವಯೊಲೆಟ್ ಎಂಬ ನೇರಳೆ ಬಣ್ಣದ ಔಷಧವನ್ನು ಹಚ್ಚುವ ಪದ್ಧತಿಯು ಹಿಂದಿನಿಂದ ಇದೆ. ಆದರೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಉಪಯೋಗಕ್ಕೆ ಅಮೆರಿಕ, ಕೆನಡಾ ದೇಶಗಳಲ್ಲಿ ಅವಕಾಶವಿಲ್ಲ; ಮೊಟ್ಟೆ ತಿನ್ನುವ ಮನೆಯವರು ಇದನ್ನು ಬಿಡುವುದೇ ಲೇಸು. ಕೋಳಿಯನ್ನು ಬೇರ್ಪಡಿಸಿದ್ದರೆ ಬಣ್ಣದ ಅವಶ್ಯಕತೆಯೇ ಇರುವುದಿಲ್ಲ.

ನೊಣದ ಭಯ

ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ತೆರೆದ ಗಾಯಕ್ಕೆ ಮುಖ್ಯ ಶತ್ರುವೆಂದರೆ ನೊಣ. ಗಾಯದ ಅಂಚಿನಲ್ಲಿ ಅದು ಇಟ್ಟ ಮೊಟ್ಟೆಗಳು, ಬಿಸಿಯಾದ ಹವೆಯಲ್ಲಿ, ಒಂದು ದಿನದೊಳಗಾಗಿಯೇ ಒಡೆದು ಹುಳುಗಳಾಗುವುವು. ಆದಕಾರಣ ಕೋಳಿಯಿರುವ ಮಂಕರಿಯನ್ನು ತೆಳು ಬಟ್ಟೆಯಿಂದಾಗಲಿ ಸೊಳ್ಳೆಪರದೆಯ ತುಂಡಿನಿಂದಾಗಲಿ ಮುಚ್ಚಿ, ಹಾಸನ್ನು ದಿನವೂ ಬದಲಾಯಿಸತಕ್ಕದ್ದು. ಗಾಯದ ಸುತ್ತ, ಗಾಯಕ್ಕೆ ತಾಗದಂತೆ, ಬೇವಿನೆಣ್ಣೆಯನ್ನು ತೆಳುವಾಗಿ ಸವರಿದರೆ ನೊಣಗಳು ಸ್ವಲ್ಪ ದೂರವಿರುತ್ತವೆ. ಹುಳುಗಳು ಕಂಡರೆ ಉಪ್ಪುನೀರಿನಿಂದ ತೊಳೆದು ಚಿಮುಟದಿಂದ ಒಂದೊಂದಾಗಿ ತೆಗೆದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಮಾಯುವ ಲಕ್ಷಣಗಳೂ ಕೆಡುವ ಲಕ್ಷಣಗಳೂ

ಮೇಲುಮೇಲಿನ ಗೀರುಗಳು ಎರಡು ಮೂರು ದಿನಗಳಲ್ಲಿ ಒಣಗುವುವು. ತೊಗಲು ಕಿತ್ತುಹೋದ ಗಾಯವು ಮುಚ್ಚಲು ಎರಡರಿಂದ ನಾಲ್ಕು ವಾರಗಳು ಹಿಡಿಯಬಹುದು. ಬುಡಸಹಿತ ಕಿತ್ತುಬಂದ ಗರಿಯ ಸ್ಥಳದಲ್ಲಿ ಕೆಲವು ವಾರಗಳಲ್ಲಿ ಹೊಸ ಗರಿಯು ಮೊಳೆಯುವುದು. ನಡುವೆ ಮುರಿದ ಗರಿಯಾದರೋ ಗರಿ ಉದುರುವ ಋತುವಿನವರೆಗೆ ಹಾಗೆಯೇ ಇರುವುದು.

ಪೆಟ್ಟಾದ ಸ್ಥಳದ ಸುತ್ತ ಎರಡು ಮೂರನೆಯ ದಿನ ತೊಗಲು ಹಸುರಾಗುವುದನ್ನು ಕಂಡು ಕೊಳೆಯಿತೆಂದು ಹೆದರಬೇಕಾದುದಿಲ್ಲ. ಪಕ್ಷಿಗಳಲ್ಲಿ ಹೆಪ್ಪುಗಟ್ಟಿದ ರಕ್ತವು ಕರಗುವಾಗ ಹಸುರು ಬಣ್ಣಕ್ಕೆ ತಿರುಗುವುದು ಸಹಜ. ಆದರೆ ದುರ್ವಾಸನೆ, ಊತ, ಕಪ್ಪಾಗಿ ತೇವವಾಗಿರುವ ಅಂಚು ಇವು ಕೆಟ್ಟ ಗುರುತುಗಳು. ಕೋಳಿಯ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿಯಾಗಿ ತೊಗಲಿನ ಕೆಳಗೆ ಗಡ್ಡೆಕಟ್ಟುತ್ತದೆ. ಅದನ್ನು ಮನೆಯಲ್ಲಿ ಹಿಚುಕಿ ತೆಗೆಯಲು ಯತ್ನಿಸಬಾರದು.

ಈ ಲಕ್ಷಣಗಳು ಕಂಡಾಗಲೂ, ಮಾಂಸವೋ ಮೂಳೆಯೋ ಕಾಣುವಷ್ಟು ಆಳವಾದ ಗಾಯವಾದಾಗಲೂ, ಕಣ್ಣಿಗೆ ಪೆಟ್ಟಾದಾಗಲೂ, ಮಲದ್ವಾರದಿಂದ ಒಳಭಾಗವು ಹೊರಬಿದ್ದಾಗಲೂ, ಒಂದು ದಿನ ಪೂರ್ತಿ ಮೇವು ನೀರು ಮುಟ್ಟದಿದ್ದಾಗಲೂ ಪಶುವೈದ್ಯರ ಸಹಾಯವನ್ನು ಪಡೆಯತಕ್ಕದ್ದು. ರಾಜ್ಯದಲ್ಲಿ ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುಚಿಕಿತ್ಸೆಯ ವಿಷಯವನ್ನು ವಿಚಾರಿಸಬಹುದು. ವೈದ್ಯರು ಹೇಳದೆ ಮನುಷ್ಯರ ಮಾತ್ರೆಗಳನ್ನು ಕೊಡಕೂಡದು. ಅವರು ಔಷಧ ಕೊಟ್ಟರೆ, ಎಷ್ಟು ದಿನಗಳವರೆಗೆ ಆ ಕೋಳಿಯ ಮೊಟ್ಟೆಯನ್ನು ತಿನ್ನಬಾರದು, ಮಾರಬಾರದು ಎಂಬುದನ್ನು ಕೇಳಿ ತಿಳಿದು, ಅದರಂತೆ ನಡೆಯುವುದು ನಮ್ಮ ಮನೆಯ ಮಕ್ಕಳಿಗೂ ಕೊಳ್ಳುವವರಿಗೂ ನಾವು ಮಾಡಬೇಕಾದ ಕರ್ತವ್ಯ.

ಗುಂಪಿಗೆ ಮರಳಿ ಸೇರಿಸುವುದು

ತೊಗಲು ಪೂರ್ತಿಯಾಗಿ ಮುಚ್ಚಿ, ಕೆಂಪು ಮಾಯವಾಗುವವರೆಗೆ ಕೋಳಿಯನ್ನು ಗುಂಪಿಗೆ ಬಿಡಕೂಡದು. ಬಿಡುವುದಕ್ಕೆ ಮುಂಚೆ ಎರಡು ಮೂರು ದಿನ ತಂತಿಬಲೆಯ ಆಚೆಯಿಂದ ಎಲ್ಲವನ್ನೂ ಒಟ್ಟಿಗೆ ಮೇಯಿಸಬೇಕು. ಸಾಧು ಸ್ವಭಾವದ ಇನ್ನೊಂದು ಹೇಂಟೆಯನ್ನು ಮೊದಲು ಅದರ ಜೊತೆಗೆ ಬಿಟ್ಟು, ಆಮೇಲೆ ಎರಡನ್ನೂ ಸೇರಿಸಿದರೆ ಕುಕ್ಕು ಒಂದರ ಮೇಲೆಯೇ ಬೀಳುವುದಿಲ್ಲ. ಮೇವನ್ನು ಎರಡು ಮೂರು ಕಡೆ ಚೆಲ್ಲಿ, ಮೊದಲ ದಿನ ಒಂದು ಗಂಟೆಯ ಕಾಲವಾದರೂ ನಿಂತು ನೋಡಬೇಕು.

ಒಂದೇ ಕೋಳಿಯು ಎಲ್ಲವನ್ನೂ ಪೀಡಿಸುತ್ತಿದ್ದರೆ, ಗಾಯಗೊಂಡದ್ದರ ಬದಲು ಅದನ್ನೇ ನಾಲ್ಕೈದು ದಿನ ಬೇರೆ ಇಡಬೇಕು. ಮರಳಿ ಬರುವಾಗ ಅದರ ಹಿರಿತನವು ಕುಗ್ಗಿರುತ್ತದೆ. ಕೊಕ್ಕಿನ ತುದಿಯನ್ನು ಕತ್ತರಿಸುವ ಪದ್ಧತಿಯು ಹಿತ್ತಿಲ ಕೋಳಿಗಳಿಗೆ ತಕ್ಕುದಲ್ಲ. ಕೊಕ್ಕಿನಲ್ಲಿ ನರಗಳಿರುವುದರಿಂದ ಅದು ನೋವುಂಟುಮಾಡುತ್ತದೆ. ಕೆದಕಿ ತಿಂದು ಬದುಕುವ ಕೋಳಿಗೆ ಮೇವು ಹೆಕ್ಕುವುದೂ ಕಷ್ಟವಾಗುತ್ತದೆ. ಕುಕ್ಕಿನ ಕಾರಣವಂತೂ ಹಾಗೆಯೇ ಉಳಿಯುತ್ತದೆ.

ಕಾರಣವನ್ನು ಕಂಡುಹಿಡಿಯುವುದು

ಒಂದು ಕೋಳಿಗೆ ಗಾಯವಾದರೆ ಅದು ಆಕಸ್ಮಿಕವಿರಬಹುದು. ಎರಡನೆಯದಕ್ಕೂ ಆದರೆ ಗೂಡಿನಲ್ಲಿಯೋ ಮೇವಿನಲ್ಲಿಯೋ ದೋಷವಿದೆಯೆಂದು ತಿಳಿದು ಈ ಕೆಳಗಿನವನ್ನು ಪರೀಕ್ಷಿಸತಕ್ಕದ್ದು.

ಸ್ಥಳ: ಗೂಡಿನೊಳಗೆ ಕೋಳಿಯೊಂದಕ್ಕೆ ಕನಿಷ್ಠ ೨ರಿಂದ ೩ ಚದರ ಅಡಿಗಳೂ, ಹೊರಗಿನ ಆವರಣದಲ್ಲಿ ೮ರಿಂದ ೧೦ ಚದರ ಅಡಿಗಳೂ ಇರಬೇಕು. ಬೆಳೆಯ ಕಾಲದಲ್ಲಿ ನೆರೆಯವರ ಪೈರಿಗೆ ಹೋಗದಂತೆ ಕೋಳಿಗಳನ್ನು ದಿನವೆಲ್ಲ ಕೂಡಿಹಾಕುವಾಗ ಕುಕ್ಕು ಹೆಚ್ಚುವುದು ಈ ಕಾರಣದಿಂದಲೇ. ಸೊಪ್ಪಿನ ಕಟ್ಟನ್ನು ಕೋಳಿಯ ತಲೆಯ ಎತ್ತರಕ್ಕೆ ತೂಗುಹಾಕಿದರೂ, ಹುಲ್ಲು ತರಗುಗಳ ನಡುವೆ ಕಾಳು ಚೆಲ್ಲಿದರೂ ಕೊಕ್ಕಿಗೆ ಕೆಲಸ ದೊರೆಯುವುದು.

ಮೇವು: ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ನೂರಕ್ಕೆ ೧೬ರಿಂದ ೧೮ ಭಾಗ ಸಸಾರಜನಕವಿರಬೇಕು. ರಾಗಿಯಲ್ಲಿ ಇದು ಸುಮಾರು ೭ ಭಾಗ ಮಾತ್ರ. ಕೂಡಿಹಾಕಿದ ಕೋಳಿಗೆ ರಾಗಿಯನ್ನೊಂದನ್ನೇ ಹಾಕಿದರೆ, ಕೊರತೆಯಾದ ಅಂಶಕ್ಕಾಗಿ ಅದು ಗರಿಯನ್ನೂ ರಕ್ತವನ್ನೂ ಹುಡುಕುತ್ತದೆ. ಎಳ್ಳಿನ ಹಿಂಡಿ, ಬೂಷ್ಟು ಹಿಡಿಯದ ಕಡಲೆಕಾಯಿ ಹಿಂಡಿ, ಉಪ್ಪು ಹಾಕದ ಒಣಮೀನಿನ ಪುಡಿ, ಗೆದ್ದಲು, ನುಗ್ಗೆಸೊಪ್ಪು ಇವುಗಳಿಂದ ಕೊರತೆಯನ್ನು ತುಂಬಬಹುದು. ಮನೆಯಲ್ಲಿ ಬೆರಸಿದ ಮೇವಾದರೆ ೧೦ ಕಿಲೋಗ್ರಾಮಿಗೆ ೩೦ ಗ್ರಾಂ ಉಪ್ಪು ಸಾಕು, ಹೆಚ್ಚಾದರೆ ವಿಷವಾಗುವುದು. ನೀರು ಯಾವಾಗಲೂ ಇರಬೇಕು.

ಬೆಳಕು ಮತ್ತು ಗೂಡು: ಮೊಟ್ಟೆಯಿಟ್ಟ ಕೂಡಲೆ ಹೇಂಟೆಯ ಮಲದ್ವಾರದ ಒಳಭಾಗವು ಕ್ಷಣಕಾಲ ಹೊರಗೆ ಕೆಂಪಾಗಿ ಕಾಣುತ್ತದೆ. ಬೆಳಕಾದ ಸ್ಥಳದಲ್ಲಿ ಮೊಟ್ಟೆಯಿಟ್ಟರೆ ಮಿಕ್ಕವು ಅಲ್ಲಿಯೇ ಕುಕ್ಕುತ್ತವೆ. ಆದುದರಿಂದ ನಾಲ್ಕೈದು ಹೇಂಟೆಗಳಿಗೆ ಒಂದರಂತೆ, ಮಸುಕು ಬೆಳಕಿನ ಗೂಡುಗಳನ್ನು ಒದಗಿಸಬೇಕು.

ಹೇನು ಮತ್ತು ನುಸಿ: ಹೇನುಗಳು ಗರಿಯ ಬುಡದಲ್ಲಿಯೇ ಇರುವುವು. ಕೆಂಪು ನುಸಿಗಳಾದರೋ ಹಗಲು ಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವುವು. ಇವುಗಳ ಕಾಟದಿಂದ ಕೋಳಿಯು ತನ್ನನ್ನೂ ಇತರರನ್ನೂ ಕುಕ್ಕುತ್ತದೆ. ದೀಪ ಹಿಡಿದು ರಾತ್ರಿ ಕೂರುವ ಅಡ್ಡಕೋಲುಗಳ ಅಡಿಯನ್ನು ನೋಡಬೇಕು. ಮೈ ಹೊರಳಿಸಲು ಒಣ ಮಣ್ಣನ್ನೂ ಬೂದಿಯನ್ನೂ ಒಂದು ಮೂಲೆಯಲ್ಲಿ ಇಡಬೇಕು.

ಜಾತಿ ಮತ್ತು ವಯಸ್ಸು: ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ಮೊದಲಾದ ದೊಡ್ಡ ಮೈಯ ಕೋಳಿಗಳನ್ನು ಸಣ್ಣ ನಾಟಿಕೋಳಿಗಳೊಂದಿಗೆ ಇಕ್ಕಟ್ಟಾದ ಗೂಡಿನಲ್ಲಿ ಸೇರಿಸುವಾಗಲೂ, ಬಲಿತವುಗಳ ನಡುವೆ ಎಳೆಯವನ್ನು ಬಿಡುವಾಗಲೂ ಎಚ್ಚರಿಕೆ ಬೇಕು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಸಾಮಾನುಗಳು

ಒಂದು ಹೆಚ್ಚಿನ ಮಂಕರಿ, ಒಗೆದ ಹಳೆಯ ಬಟ್ಟೆ, ಉಪ್ಪು, ಪಾವಿಡೋನ್ ಅಯೊಡಿನಿನ ಒಂದು ಸಣ್ಣ ಸೀಸೆ, ಸೂಜಿಯಿಲ್ಲದ ಸಿರಿಂಜು, ಕತ್ತರಿ, ಚಿಮುಟ, ಸೊಳ್ಳೆಪರದೆಯ ಒಂದು ತುಂಡು: ಇವಿಷ್ಟು ಸಿದ್ಧವಾಗಿದ್ದರೆ ಸಣ್ಣ ಗಾಯಗಳ ಉಪಚಾರಕ್ಕೆ ಬೇರೇನೂ ಬೇಕಾಗುವುದಿಲ್ಲ. ಇವುಗಳಲ್ಲಿ ಮಂಕರಿಯೇ ಮುಖ್ಯವಾದುದು. ಔಷಧವು ಮರುದಿನ ದೊರೆತರೂ ನಡೆಯಬಹುದು. ಗಾಯಗೊಂಡ ಹೇಂಟೆಯನ್ನು ಗುಂಪಿನಿಂದ ತೆಗೆಯುವ ಕೆಲಸವು ಮಾತ್ರ ರಕ್ತ ಕಂಡ ಗಳಿಗೆಯಲ್ಲಿಯೇ ಆಗಬೇಕು.